ಐದು ಮೀಟರ್ ಹಗ್ಗದೊಳಗಿನ ಬೆಳೆ

ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವೊಂದನ್ನು ಗೂಟ ನೆಟ್ಟು ಹಗ್ಗ ಹಿಡಿದು ಗುರುತಿಸಿ, ಅದರೊಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಿ, ಆ ತೂಕದ ಮೇಲೆ ಇಡೀ ಗ್ರಾಮ ಪಂಚಾಯಿತಿಯ ಇಳುವರಿಯನ್ನು ಲೆಕ್ಕ ಹಾಕುವ ಕ್ರಮಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಭತ್ತ, ಸಜ್ಜೆ, ತೊಗರಿ, ಜೋಳ, ಕಡಲೆ ಕೊಯ್ಲಿಗೆ ಬರುವ ಹೊತ್ತಿಗೆ ಪ್ರತಿ ಹಂಗಾಮಿನಲ್ಲೂ ಇದು ನಡೆಯುತ್ತದೆ. ಯಾವ ಹೊಲ, ಹೊಲದ ಯಾವ ಮೂಲೆ ಎಂಬುದನ್ನು ಹೇಳುವುದು ಸಂಭವನೀಯತೆಯ ಗಣಿತ. ಚೌಕದೊಳಗೆ ಕಾಳು ತುಂಬಿತೋ ಜೊಳ್ಳಾಯಿತೋ ಎಂಬುದು ಸಸ್ಯವಿಜ್ಞಾನದ ವಿಷಯ. ಬಂದ ತೂಕ ರೈತನ ಬ್ಯಾಂಕ್ ಖಾತೆಗೆ ಎಷ್ಟು ರೂಪಾಯಿಯಾಗಿ ತಲುಪಬೇಕು ಎಂಬುದನ್ನು ವಿಮಾ ವ್ಯವಹಾರ ನಿರ್ಧರಿಸುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿರುವ ಈ ಮೂರು ಶಾಸ್ತ್ರಗಳು ಇಲ್ಲಿ 25 ಚದರ ಮೀಟರ್ ನೆಲದ ಮೇಲೆ ಒಟ್ಟಿಗೆ ನಿಲ್ಲುತ್ತವೆ.

ಮೊದಲು ಸರ್ವೆ ನಂಬರುಗಳ ಪಟ್ಟಿಯಿಂದ ಯಾದೃಚ್ಛಿಕ ಸಂಖ್ಯೆಗಳ ಮೂಲಕ ಹೊಲ ಆಯ್ಕೆಯಾಗುತ್ತದೆ. ಸಿಬ್ಬಂದಿ ಹೊಲದ ನೈರುತ್ಯ ಮೂಲೆಯಲ್ಲಿ ನಿಂತು ಉದ್ದಕ್ಕೂ ಅಗಲಕ್ಕೂ ಹೆಜ್ಜೆ ಎಣಿಸುತ್ತಾರೆ. ಮತ್ತೆ ಎರಡು ಯಾದೃಚ್ಛಿಕ ಸಂಖ್ಯೆಗಳು: ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಒಳಕ್ಕೆ. ಅಲ್ಲಿ ಮೊದಲ ಗೂಟ. ಆ ಜಾಗದಲ್ಲಿ ಪೈರು ಸೊಂಪಾಗಿದೆ ಎಂದು ರೈತ ತಕರಾರು ತೆಗೆಯುವಂತಿಲ್ಲ, ಸೊರಗಿದೆ ಎಂದು ವಿಮಾ ಕಂಪನಿಯ ಪ್ರತಿನಿಧಿ ಗೂಟ ಕೀಳುವಂತಿಲ್ಲ. ನಾಲ್ಕು ಬದಿಯೂ ಐದೈದು ಮೀಟರ್ ಇದ್ದ ಮಾತ್ರಕ್ಕೆ ಚೌಕ ಆಗುವುದಿಲ್ಲ. ಮೂಲೆಯೊಂದು 70 ಡಿಗ್ರಿಗೆ ವಾಲಿದರೆ ಹಗ್ಗದೊಳಗೆ ಉಳಿಯುವುದು ಸುಮಾರು 23.5 ಚದರ ಮೀಟರ್ ಮಾತ್ರ. ಆದ್ದರಿಂದ ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯುತ್ತಾರೆ, ಅದು 7.07 ಮೀಟರ್ ಬರಬೇಕು. ಹಗ್ಗವನ್ನು ನೆಲಮಟ್ಟಕ್ಕೆ ಇಳಿಸಿ, ಗೆರೆಯ ಮೇಲಿರುವ ಬುಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಳಗಿರುವುದನ್ನು ಮಾತ್ರ ಕೊಯ್ಯಬೇಕು.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬುದು ಗುಣಾಕಾರದಲ್ಲಿ ತಿಳಿಯುತ್ತದೆ. ಒಂದು ಹೆಕ್ಟೇರ್ 10,000 ಚದರ ಮೀಟರ್. ಹಾಗಾಗಿ ಚೌಕದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಎಕರೆಗಾದರೆ ಸುಮಾರು 162ರಿಂದ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ವಿವರಿಸಿದ ತ್ರೈರಾಶಿಕವೇ ಇದು, ಹೊಸದೇನಲ್ಲ. ಚೌಕದಲ್ಲಿ 12 ಕಿಲೋ ಭತ್ತ ಸಿಕ್ಕಿತೆನ್ನಿ. ಹೆಕ್ಟೇರಿಗೆ 4,800 ಕಿಲೋ, ಎಕರೆಗೆ 1,942 ಕಿಲೋ; ಸಿಂಧನೂರು ಕಡೆಯ 75 ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು 26 ಚೀಲ. ತೂಕದಲ್ಲಿ ಒಂದೇ ಒಂದು ಕಿಲೋ ಹೆಚ್ಚುಕಮ್ಮಿಯಾದರೆ ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಏರುಪೇರು. ಇಡೀ ಪಂಚಾಯಿತಿಯ ರೈತರ ಪರಿಹಾರ ನಿಂತಿರುವುದು ಹೀಗೆ ನೂರಾರು ಪಟ್ಟು ಹಿಗ್ಗುವ ತೂಕದ ಮೇಲೆ.

ತೇವಾಂಶದ ಲೆಕ್ಕವೂ ಇದರಲ್ಲಿ ಸೇರಿದೆ. ಕೊಯ್ದ ದಿನ ಭತ್ತದಲ್ಲಿ ಶೇ 22ರಷ್ಟು ನೀರಿದ್ದರೆ, ಒಣಗಿ ಶೇ 14ಕ್ಕೆ ಇಳಿದಾಗ ಅದೇ 12 ಕಿಲೋ 10.9 ಕಿಲೋಗೆ ಬರುತ್ತದೆ. ಹೆಕ್ಟೇರಿಗೆ ಸುಮಾರು 446 ಕಿಲೋ ವ್ಯತ್ಯಾಸ. ಎಕರೆಗೆ ಎರಡೂವರೆ ಚೀಲದಷ್ಟು. ಹಸಿ ತೂಕವನ್ನೇ ಇಳುವರಿ ಎಂದು ಬರೆದುಕೊಂಡರೆ ಇಲ್ಲದ ಬೆಳೆ ದಾಖಲೆಯಲ್ಲಿ ಬೆಳೆದಂತಾಗುತ್ತದೆ, ಬರಬೇಕಾದ ಪರಿಹಾರ ಅಷ್ಟರಮಟ್ಟಿಗೆ ಕರಗುತ್ತದೆ. ಅದಕ್ಕಾಗಿಯೇ ಸ್ವಲ್ಪ ಕಾಳನ್ನು ಮಾದರಿಯಾಗಿ ತೆಗೆದಿಟ್ಟು, ಒಣಗಿಸಿ ಮತ್ತೆ ತೂಗುವ ನಿಯಮವಿದೆ.

ಆಣೆಯಿಂದ ಚೌಕಕ್ಕೆ

ಈ ಪದ್ಧತಿ ಬರುವ ಮೊದಲು ಇಳುವರಿಯನ್ನು ಕಣ್ಣಳತೆಯಲ್ಲಿ ಹೇಳುತ್ತಿದ್ದರು. ಕಂದಾಯ ಸಿಬ್ಬಂದಿ ಹೊಲದ ಬದುವಿನ ಮೇಲೆ ನಿಂತು ‘ಈ ಸಲ ಎಂಟಾಣೆ ಬೆಳೆ’ ಎಂದರೆ ಪೂರ್ತಿ ಬೆಳೆಯ ಅರ್ಧ ಎಂದರ್ಥ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದ ಲೆಕ್ಕ. ಆಣೆವಾರಿ ಎಂಬ ಮಾತು ಈಗಲೂ ಹಳ್ಳಿಗಳಲ್ಲಿ ಉಳಿದಿದೆ. ಅನುಭವಿಗಳ ಕಣ್ಣು ಬಹಳ ಸಲ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಎಷ್ಟರಮಟ್ಟಿಗೆ ತಪ್ಪಿರಬಹುದು ಎಂಬುದನ್ನು ಆ ಕಣ್ಣು ಹೇಳಲಾರದು. ಯಾದೃಚ್ಛಿಕ ಮಾದರಿಯ ಹಿರಿಮೆ ಅದರಲ್ಲೇ ಇದೆ: ಅದು ಅಂದಾಜನ್ನೂ ಕೊಡುತ್ತದೆ, ಆ ಅಂದಾಜಿನ ದೋಷ ಎಷ್ಟಿರಬಹುದು ಎಂಬುದನ್ನೂ ಕೊಡುತ್ತದೆ.

1920ರ ದಶಕದಲ್ಲಿ ಬಿಹಾರ ಮತ್ತು ಒಡಿಶಾ ಪ್ರಾಂತ್ಯದಲ್ಲಿ ಜೆ. ಎ. ಹಬ್ಬಕ್ ಎಂಬ ಅಧಿಕಾರಿ ಭತ್ತದ ಗದ್ದೆಗಳಲ್ಲಿ ಎಕರೆಯ 3,200ನೇ ಒಂದು ಭಾಗದಷ್ಟು ಪುಟ್ಟ ಚೌಕಟ್ಟನ್ನು ಯಾದೃಚ್ಛಿಕವಾಗಿ ಇಟ್ಟು ಕೊಯ್ದು ನೋಡಿದರು. 1931ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಮಾದರಿ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಇಳುವರಿಗೆ ಸಣ್ಣ ವೃತ್ತಾಕಾರದ ಕಟಾವನ್ನು ಅವರು ಇಷ್ಟಪಟ್ಟರು. ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದ ಪಿ. ವಿ. ಸುಖಾತ್ಮೆ ಇದನ್ನು ಒಪ್ಪಲಿಲ್ಲ. ಸಣ್ಣ ಚೌಕಟ್ಟು ಇಳುವರಿಯನ್ನು ಉಬ್ಬಿಸಿ ತೋರಿಸುತ್ತದೆ ಎಂದು ಅವರು 1940ರ ದಶಕದಲ್ಲಿ ವಾದಿಸಿದರು. ಇಬ್ಬರೂ ದೊಡ್ಡವರು, ವಾದವೂ ದೊಡ್ಡದಾಗಿಯೇ ನಡೆಯಿತು.

ಸುಖಾತ್ಮೆಯವರ ವಾದವನ್ನು ಯಾರು ಬೇಕಾದರೂ ಹಾಳೆಯ ಮೇಲೆ ಪರೀಕ್ಷಿಸಬಹುದು. ಗೆರೆಯಂಚಿನ ಪೈರನ್ನು ಒಳಕ್ಕೆ ಎಳೆದುಕೊಳ್ಳುವುದು ಕೊಯ್ಯುವ ಕೈಯ ಸ್ವಭಾವ. ನಾಲ್ಕೂ ಕಡೆ ಐದೈದು ಸೆಂಟಿಮೀಟರ್ ಹೊರಗಿನ ಪೈರು ಸೇರಿಹೋಯಿತು ಎನ್ನೋಣ. ಐದು ಮೀಟರ್ ಚೌಕ 5.1 ಮೀಟರ್ ಆಗುತ್ತದೆ, ವಿಸ್ತೀರ್ಣ 26.01, ಅಂದರೆ ಶೇ 4ರಷ್ಟು ಹೆಚ್ಚು. ಒಂದು ಮೀಟರ್ ಚೌಕದಲ್ಲಿ ಅದೇ ತಪ್ಪು ನಡೆದರೆ ಬದಿ 1.1, ವಿಸ್ತೀರ್ಣ 1.21, ಶೇ 21ರಷ್ಟು ಹೆಚ್ಚು. ಕೈ ಒಂದೇ, ತಪ್ಪೂ ಅಷ್ಟೇ, ಫಲ ಮಾತ್ರ ಐದು ಪಟ್ಟು. ಭತ್ತಕ್ಕೆ ದೊಡ್ಡ ಚೌಕ ನೆಲೆನಿಂತದ್ದು ಈ ಕಾರಣದಿಂದ.

ಮಹಲನೋಬಿಸರ ಸಂಸ್ಥೆಗೆ 1941ರಲ್ಲಿ ಸೇರಿದ ಯುವಕರಲ್ಲಿ ಒಬ್ಬರು ತುಂಗಭದ್ರೆಯ ಸೀಮೆಯಲ್ಲೇ ಹುಟ್ಟಿದವರು. ಕಲ್ಯಂಪೂಡಿ ರಾಧಾಕೃಷ್ಣ ರಾವ್, ಅಂದರೆ ಸಿ. ಆರ್. ರಾವ್, 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಅಂದು ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಇಂದು ವಿಜಯನಗರ ಜಿಲ್ಲೆ. 1945ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಕೈಯಲ್ಲಿರುವ ಮಾದರಿಯಿಂದ ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ದೋಷ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎಂದು ತೋರಿಸಿತು. ಕ್ರಾಮರ್–ರಾವ್ ಮಿತಿ ಎಂದು ಜಗತ್ತು ಅದನ್ನು ಕರೆಯುತ್ತದೆ. ರಾವ್ ತಮ್ಮ ನೂರಮೂರನೇ ವರ್ಷ ತುಂಬುವ ಮುನ್ನ, 2023ರ ಆಗಸ್ಟ್‌ನಲ್ಲಿ ತೀರಿಕೊಂಡರು; ಅದೇ ವರ್ಷ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತ್ತು. ಹಡಗಲಿಯಲ್ಲಿ ಹುಟ್ಟಿದವರ ಸೂತ್ರ ಸಿಂಧನೂರಿನ ಗದ್ದೆಗೆ ಹೇಳುವುದು ಇಷ್ಟು: ನಾಲ್ಕೇ ಚೌಕ ಕೊಯ್ದರೆ ನಾಲ್ಕು ಚೌಕದಷ್ಟೇ ತಿಳಿವಳಿಕೆ ಸಿಗುತ್ತದೆ, ಯಾವ ಕಂಪ್ಯೂಟರೂ ಅದರಿಂದ ಹದಿನಾರು ಚೌಕದ ಖಚಿತತೆಯನ್ನು ಹಿಂಡಲಾರದು.

ನಾಲ್ಕು ಚೌಕ, ಒಂದು ಪಂಚಾಯಿತಿ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಂತೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕವಾದರೆ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗ; ಘಟಕ ಹೋಬಳಿಯಾದರೆ 10, ತಾಲ್ಲೂಕಾದರೆ 16. ಹೊಲದಿಂದ ಹೊಲಕ್ಕೆ ಇಳುವರಿ ಸರಾಸರಿಯ ಶೇ 30ರಷ್ಟು ಏರಿಳಿಯುತ್ತದೆ ಎಂದುಕೊಂಡರೆ, ನಾಲ್ಕು ಪ್ರಯೋಗಗಳ ಸರಾಸರಿಯಲ್ಲಿ ದೋಷ ಶೇ 15ಕ್ಕೆ ಇಳಿಯುತ್ತದೆ, ಹದಿನಾರಕ್ಕೆ ಶೇ 7.5ಕ್ಕೆ. ದೋಷವನ್ನು ಅರ್ಧ ಮಾಡಬೇಕಾದರೆ ಕೆಲಸ ನಾಲ್ಕು ಪಟ್ಟು. ಕೊಯ್ಲಿನ ಎರಡು ಮೂರು ವಾರಗಳಲ್ಲಿ, ಕಟಾವು ಯಂತ್ರಗಳು ಹಗಲಿರುಳು ಓಡುವಾಗ, ಸಿಬ್ಬಂದಿ ಬರುವ ಮುನ್ನವೇ ಆಯ್ಕೆಯಾದ ಹೊಲ ಖಾಲಿಯಾಗಿರುವುದೂ ಉಂಟು. ಸಂಖ್ಯೆಯನ್ನು ಸುಮ್ಮನೆ ಏರಿಸಿ ಎನ್ನುವುದು ಸುಲಭ, ಮಾಡುವುದು ಕಷ್ಟ.

ಇದಕ್ಕಿಂತ ಆಳದ ತೊಡಕು ಈ ಸೀಮೆಯ ನೀರಿನಲ್ಲಿದೆ. 1953ರಲ್ಲಿ ನೀರು ಹರಿಸತೊಡಗಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ, ಕಾರಟಗಿ ದಾಟಿ ಸಿಂಧನೂರು, ಮಾನ್ವಿ, ರಾಯಚೂರಿನತ್ತ 227 ಕಿ.ಮೀ. ಸಾಗುತ್ತದೆ. ಅದನ್ನು ರೂಪಿಸಿದ್ದು ಬರ ತಡೆಯುವ ಕಾಲುವೆಯಾಗಿ. ನೀರನ್ನು ತೆಳುವಾಗಿ, ಹೆಚ್ಚು ನೆಲಕ್ಕೆ ಹರಡಿ ಜೋಳ, ಹತ್ತಿಯಂಥ ಬೆಳೆಗಳನ್ನು ಕಾಯುವ ಉದ್ದೇಶ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಕಾಗದದಲ್ಲಿ ನಿಗದಿಯೂ ಆಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ತುಂಬಿಕೊಂಡಿತು, ಕೊನೆಭಾಗಕ್ಕೆ ನೀರು ತೆಳುವಾಯಿತು, ಎಷ್ಟೋ ಕಡೆ ನಿಂತೇಹೋಯಿತು. ನೆದರ್ಲೆಂಡ್ಸ್‌ನ ಪೀಟರ್ ಮೊಲಿಂಗಾ 1990ರ ದಶಕದ ಆರಂಭದಲ್ಲಿ ಈ ಕಾಲುವೆಯ ಹಳ್ಳಿಗಳಲ್ಲಿ ಉಳಿದು ನೀರು ಯಾರ ತೂಬಿಗೆ ಎಷ್ಟು ಹೋಗುತ್ತದೆ ಎಂದು ಅಧ್ಯಯನ ಮಾಡಿ, 1998ರಲ್ಲಿ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ನೀರಾವರಿ ಅಧ್ಯಯನ ಮಾಡುವವರು ಇಂದಿಗೂ ಆ ಕೃತಿಯತ್ತ ಮರಳುತ್ತಾರೆ.

ಮೇಲ್ಭಾಗ, ಕೊನೆಭಾಗಗಳ ಈ ಭೇದ ಮಾದರಿಯ ಗಣಿತವನ್ನು ನೇರವಾಗಿ ತಟ್ಟುತ್ತದೆ. ಒಂದು ಪಂಚಾಯಿತಿಯ ಭತ್ತದಲ್ಲಿ ಮುಕ್ಕಾಲು ಪಾಲು ನೀರು ಸಿಕ್ಕ ಗದ್ದೆ, ಕಾಲು ಪಾಲು ನೀರು ಸಿಗದ ಕೊನೆಭಾಗದ ಗದ್ದೆ ಎಂದುಕೊಳ್ಳೋಣ. ನಾಲ್ಕು ಚೌಕಗಳಲ್ಲಿ ಒಂದೂ ಕೊನೆಭಾಗದಲ್ಲಿ ಬೀಳದಿರುವ ಸಾಧ್ಯತೆ ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದಷ್ಟು, 256ರಲ್ಲಿ 81. ಹತ್ತು ಹಂಗಾಮುಗಳಲ್ಲಿ ಮೂರರಲ್ಲಿ ಒಣಗಿದ ಗದ್ದೆಗಳು ಲೆಕ್ಕಕ್ಕೇ ಬರುವುದಿಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ, ಎಲ್ಲ ನಿಯಮ ಪಾಲಿಸಿದ ಮೇಲೂ ಹೀಗೇ ಆಗುತ್ತದೆ. ಮಳೆಯಾಶ್ರಿತ, ನೀರಾವರಿ ಎಂದು ಬೆಳೆಗಳನ್ನು ಪ್ರತ್ಯೇಕವಾಗಿ ಅಧಿಸೂಚಿಸುವ ಕರ್ನಾಟಕದ ಕ್ರಮ ಒಳ್ಳೆಯದು. ಸಂಖ್ಯಾಶಾಸ್ತ್ರದಲ್ಲಿ ಸ್ತರೀಕರಣ ಎನ್ನುವುದು ಇದನ್ನೇ. ಆದರೆ ದಾಖಲೆಯಲ್ಲಿ ನೀರಾವರಿ ಎಂದಿದ್ದು ಕಾಲುವೆಯಲ್ಲಿ ನೀರೇ ಬಾರದ ಹೊಲ ಯಾವ ಸ್ತರಕ್ಕೆ ಸೇರಬೇಕು? ಮೇಲ್ಭಾಗ, ಕೊನೆಭಾಗ ಎಂಬ ಮೂರನೆಯ ಗೆರೆಯನ್ನೂ ಎಳೆಯುವುದು ಈ ತಾಲ್ಲೂಕುಗಳಿಗೆ ಅಗತ್ಯ.

ಪಕ್ಕಪಕ್ಕದ ಹೊಲಗಳು ಒಂದರಂತೆ ಇನ್ನೊಂದು ಇರುವುದೂ ಲೆಕ್ಕವನ್ನು ಕುಗ್ಗಿಸುತ್ತದೆ. ಒಂದೇ ತೂಬಿನ ನೀರು, ಒಂದೇ ಎರೆಮಣ್ಣು, ಒಂದೇ ವಾರದ ನಾಟಿ ಇದ್ದಲ್ಲಿ ನಾಲ್ಕು ಚೌಕ ನಾಲ್ಕು ಸಾಕ್ಷಿಗಳಲ್ಲ. ಅವುಗಳ ನಡುವಿನ ಹೋಲಿಕೆಯ ಗುಣಾಂಕ ಅರ್ಧದಷ್ಟಿದ್ದರೆ ನಾಲ್ಕೂ ಸೇರಿ 1.6 ಸ್ವತಂತ್ರ ಚೌಕಗಳಿಗೆ ಸಮ. ಚೌಕಗಳು ಊರ ಸೀಮೆಯಲ್ಲೆಲ್ಲ ಚದುರಿರಬೇಕು ಎನ್ನುವುದಕ್ಕೆ ಇದೇ ಆಧಾರ.

ಚೌಕದೊಳಗಿನ ಜೀವ

ಒಂದು ಚೌಕದ ಭತ್ತದ ತೂಕ ನಾಲ್ಕು ಸಂಖ್ಯೆಗಳ ಗುಣಲಬ್ಧ: ತೆನೆಗಳೆಷ್ಟು, ತೆನೆಗೆ ಕಾಳೆಷ್ಟು, ಅದರಲ್ಲಿ ತುಂಬಿದ್ದೆಷ್ಟು, ತುಂಬಿದ ಕಾಳಿನ ತೂಕವೆಷ್ಟು. ನಾಲ್ಕರಲ್ಲಿ ಬೇಗ ಕೈಕೊಡುವುದು ಮೂರನೆಯದು. ಭತ್ತದ ಹೂವು ಬೆಳಗಿನ ಹೊತ್ತು ಸುಮಾರು ಒಂದು ತಾಸು ಮಾತ್ರ ಬಾಯ್ದೆರೆದಿರುತ್ತದೆ. ಆ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ನಿಸ್ಸತ್ವವಾಗಿ ಕಾಳು ಜೊಳ್ಳಾಗುತ್ತದೆ. ಬೇಸಿಗೆ ಬೆಳೆ ಮಾರ್ಚ್ ಬಿಸಿಲಿಗೆ ಹೂಬಿಟ್ಟರೆ ಈ ಅಪಾಯ ಹೆಚ್ಚು. ದೂರದಿಂದ ನೋಡಿದರೆ ಗದ್ದೆ ತುಂಬಿದಂತೆಯೇ ಕಾಣುತ್ತದೆ. ತೂರಿದಾಗಷ್ಟೇ ಜೊಳ್ಳು ಗಾಳಿಗೆ ಹಾರಿ ನಿಜ ಹೊರಬೀಳುತ್ತದೆ. ಅದಕ್ಕೇ ತೂರದೆ ತೂಗುವುದು ಈ ಪ್ರಯೋಗದಲ್ಲಿ ದೊಡ್ಡ ತಪ್ಪು.

ಕಂದು ಜಿಗಿಹುಳುವಿನ ಹಾನಿ ಇನ್ನೊಂದು ಬಗೆ. ಸಣ್ಣಕಾಳಿನ ತಳಿಗಳನ್ನು ಒತ್ತಾಗಿ ನಾಟಿ ಮಾಡಿ, ಯೂರಿಯಾ ಹೆಚ್ಚು ಹಾಕಿ, ನೀರು ನಿಲ್ಲಿಸಿದ ಗದ್ದೆಯಲ್ಲಿ ಹುಳು ಬುಡದಲ್ಲಿ ಕೂತು ರಸ ಹೀರುತ್ತದೆ. ಪೈರು ಅಲ್ಲಲ್ಲಿ ವೃತ್ತಾಕಾರವಾಗಿ ಸುಟ್ಟಂತಾಗುತ್ತದೆ. ಹಾನಿ ಗದ್ದೆಯ ತುಂಬ ಸಮನಾಗಿ ಹರಡದೆ ತೇಪೆ ತೇಪೆಯಾಗಿರುವುದರಿಂದ ಚೌಕ ತೇಪೆಯೊಳಗೆ ಬಿದ್ದರೆ ಇಳುವರಿ ಸೊನ್ನೆಯ ಹತ್ತಿರ, ಹೊರಗೆ ಬಿದ್ದರೆ ಪೂರ್ತಿ. ಸರಾಸರಿ ಒಂದೇ ಆಗಿದ್ದರೂ ಇಂಥ ಗದ್ದೆಯಲ್ಲಿ ಏರಿಳಿತ ಬಹಳ ಹೆಚ್ಚು, ಹಾಗಾಗಿ ನಾಲ್ಕು ಚೌಕದ ಮಾತು ಅಷ್ಟೇ ಅಸ್ಥಿರ. ಎಡದಂಡೆಯ ತಗ್ಗು ನೆಲಗಳಲ್ಲಿ ಸವಳು-ಜವಳು ಕೂಡ ಹೀಗೆಯೇ ತೇಪೆಗಳಾಗಿ ಹಬ್ಬಿದೆ.

ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಹೊಲಗಳಿಗೆ ಬಂದರೆ ಚೌಕದ ಜ್ಯಾಮಿತಿಯೇ ಬದಲಾಗುತ್ತದೆ. ತೊಗರಿಯ ಸಾಲಿಗೂ ಸಾಲಿಗೂ 120 ಸೆಂ.ಮೀ., ಗಿಡಕ್ಕೂ ಗಿಡಕ್ಕೂ 30 ಸೆಂ.ಮೀ. ಅಂತರವಿಟ್ಟರೆ 25 ಚದರ ಮೀಟರಿನಲ್ಲಿ ಸರಾಸರಿ 69 ಗಿಡ. ಐದು ಮೀಟರಿನ ಅಗಲದಲ್ಲಿ ಹಿಡಿಯುವುದು 4.17 ಸಾಲು. ಸಾಲನ್ನು ಸೀಳಲಾಗದು, ಗೂಟ ಎಲ್ಲಿ ಬಿತ್ತು ಎಂಬುದರ ಮೇಲೆ ಒಳಗೆ ನಾಲ್ಕು ಸಾಲು ಇಲ್ಲವೇ ಐದು ಸಾಲು ಸೇರುತ್ತದೆ. ಒಂದೇ ಹೊಲ, ಒಂದೇ ಬೆಳೆ, ಇಳುವರಿಯಲ್ಲಿ ಮಾತ್ರ ಶೇ 25ರ ವ್ಯತ್ಯಾಸ. ಅಗಲ ಸಾಲಿನ ಬೆಳೆಗಳಿಗೆ ದೊಡ್ಡ ಚೌಕಟ್ಟು ಬೇಕು ಎನ್ನುವುದು ಇದಕ್ಕೇ. ತೊಗರಿಗೆ ನೆಟೆ ರೋಗ, ಗೊಡ್ಡು ರೋಗ, ಕಾಯಿಕೊರಕ ಬೇರೆ. ಗೊಡ್ಡು ರೋಗ ತಗುಲಿದ ಗಿಡ ಹಸಿರಾಗಿ, ಪೊದೆಯಂತೆ ಬೆಳೆದು ನಿಲ್ಲುತ್ತದೆ, ಹೂವೇ ಬಿಡುವುದಿಲ್ಲ. ಹತ್ತಿಯಲ್ಲಿ ಬಿಡಿಸುವುದು ಒಂದೇ ಸಲಕ್ಕೆ ಮುಗಿಯದು. ಗುರುತಿಸಿದ ಚೌಕಕ್ಕೆ ಪ್ರತಿ ಬಿಡಿಸುವಿಕೆಗೂ ಮರಳಿ ಬಂದು ತೂಗಿ ಕೂಡಿಸಬೇಕು.

ಈ ಬೆಳೆಗಳ ಸ್ವಭಾವವನ್ನು ವರ್ಷವರ್ಷ ದಾಖಲಿಸುವ ಕೆಲಸ 2009ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಸಿಂಧನೂರು ತಾಲ್ಲೂಕಿನ ಧಡೇಸುಗೂರಿನಲ್ಲಿ ಅದರ ಕೃಷಿ ಸಂಶೋಧನಾ ಕೇಂದ್ರವಿದೆ. ಕೇಂದ್ರದ ತಾಕುಗಳಲ್ಲಿ ತಳಿ, ಗೊಬ್ಬರಗಳನ್ನು ಹೋಲಿಸುವಾಗ ಬಳಸುವ ಯಾದೃಚ್ಛಿಕ ವಿನ್ಯಾಸವೂ, ರೈತನ ಹೊಲದಲ್ಲಿ ಗೂಟ ಹೊಡೆಯುವ ಯಾದೃಚ್ಛಿಕ ಸಂಖ್ಯೆಯೂ ಒಂದೇ ಬೇರಿನವು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕ್ಷೇತ್ರದಲ್ಲಿ ರೊನಾಲ್ಡ್ ಫಿಶರ್ ಕಟ್ಟಿದ ಶಾಸ್ತ್ರ ಅದು, ಸಿ. ಆರ್. ರಾವ್ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದದ್ದೂ ಫಿಶರರ ಬಳಿಯೇ.

ತೂಕ ರೂಪಾಯಿಯಾಗುವ ಬಗೆ

ಹೊಲಹೊಲಕ್ಕೂ ಹೋಗಿ ನಷ್ಟ ಅಳೆಯುವ ಬದಲು ಒಂದು ಪ್ರದೇಶಕ್ಕೆ ಒಂದೇ ಅಳತೆ ಇಟ್ಟು ವಿಮೆ ಕೊಡಬಹುದು ಎಂಬ ವಿಚಾರ ಕರ್ನಾಟಕದ್ದೇ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ 1915ರಲ್ಲಿ ಮಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟು, 1920ರಲ್ಲಿ ಅದನ್ನು ಪುಸ್ತಕವಾಗಿ ವಿಸ್ತರಿಸಿದರು. ಮಳೆ ವಾಡಿಕೆಗಿಂತ ಇಷ್ಟು ಕಡಿಮೆಯಾದರೆ ಆ ಮಳೆಮಾಪಕದ ಸೀಮೆಯವರಿಗೆಲ್ಲ ಇಷ್ಟು ಪರಿಹಾರ ಎಂಬುದು ಅದರ ತಿರುಳು. ಮಳೆಯನ್ನು ಯಾರೂ ತಿದ್ದಲಾರರು, ಸೋಮಾರಿತನದಿಂದ ಬೆಳೆ ಕೆಡಿಸಿಕೊಂಡವನಿಗೆ ಹಣ ಹೋಗುವುದಿಲ್ಲ, ಹೊಲ ಸುತ್ತುವ ಖರ್ಚೂ ಇಲ್ಲ. ಯೋಜನೆ ಜಾರಿಯಾಗಲಿಲ್ಲ. ರಾಯಚೂರು ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತು. ಚಕ್ರವರ್ತಿಯವರ ವಿಚಾರವನ್ನು ಜಗತ್ತು ಮತ್ತೆ ಕೈಗೆತ್ತಿಕೊಂಡದ್ದು ಎಂಬತ್ತು ವರ್ಷಗಳ ಮೇಲೆ. ಬೆಳೆ ವಿಮೆಯ ಚರಿತ್ರೆ ಬರೆಯುವವರು ಅವರಿಗೆ ಇನ್ನೂ ದೊಡ್ಡ ಜಾಗ ಕೊಡಬೇಕಾಗಿದೆ.

ಇಳುವರಿಯ ಮೇಲೆ ಪ್ರದೇಶಾಧಾರಿತ ವಿಮೆಯನ್ನು 1970ರ ದಶಕದಲ್ಲಿ ಪುಣೆಯ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ರೂಪಿಸಿದರು. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, 2016ರ ಫಸಲ್ ಬಿಮಾ ಎಲ್ಲವೂ ಆ ದಾರಿಯವು. ರೈತನ ಪಾಲಿನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5. ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. 2020ರಿಂದ ಸಾಲ ಪಡೆದ ರೈತರಿಗೂ ಇದು ಐಚ್ಛಿಕ.

ಪರಿಹಾರದ ಸೂತ್ರ ಸರಳ. ಹಿಂದಿನ ಏಳು ವರ್ಷಗಳಲ್ಲಿ ಅತ್ಯುತ್ತಮ ಐದರ ಸರಾಸರಿ ತೆಗೆದು, ಅದರ ನಿಗದಿತ ಪ್ರಮಾಣವನ್ನು ಖಾತರಿ ಇಳುವರಿ ಎಂದು ಇಟ್ಟುಕೊಳ್ಳುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ಒಂದು ಕಲ್ಪಿತ ಲೆಕ್ಕ: ಜೋಳದ ಇಳುವರಿ ಹೆಕ್ಟೇರಿಗೆ ಏಳು ವರ್ಷ ಕ್ರಮವಾಗಿ 900, 400, 1,100, 1,000, 300, 950, 1,050 ಕಿಲೋ. ಉತ್ತಮ ಐದರ ಸರಾಸರಿ 1,000. ಪ್ರಮಾಣ ಶೇ 80 ಆದರೆ ಖಾತರಿ 800. ಈ ವರ್ಷ 560 ಬಂದರೆ ಕೊರತೆ ಶೇ 30. ವಿಮಾ ಮೊತ್ತ 40,000 ರೂಪಾಯಿಯಾಗಿದ್ದರೆ ಪರಿಹಾರ 12,000.

ಈಗ ಪಕ್ಕದ ಪಂಚಾಯಿತಿ. ಅಲ್ಲಿ ಏಳರಲ್ಲಿ ನಾಲ್ಕು ವರ್ಷ ಬರ: 1,000, 450, 950, 300, 1,050, 400, 500. ಕೆಟ್ಟ ಎರಡನ್ನು ಬಿಟ್ಟರೂ ಇನ್ನೆರಡು ಬರದ ವರ್ಷ ಸರಾಸರಿಯೊಳಗೆ ಉಳಿದುಕೊಳ್ಳುತ್ತವೆ. ಸರಾಸರಿ 790, ಖಾತರಿ 632. ಈ ವರ್ಷ ಇಲ್ಲಿಯೂ ಅದೇ 560 ಕಿಲೋ. ಕೊರತೆ ಶೇ 11.4, ಪರಿಹಾರ ಸುಮಾರು 4,557 ರೂಪಾಯಿ. ಹೆಚ್ಚು ಸಲ ಬೆಂದ ನೆಲಕ್ಕೆ ಕಡಿಮೆ ಪರಿಹಾರ. ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸಿನಲ್ಲಿರುವ ಈ ಜಿಲ್ಲೆಯ ಒಣಬೇಸಾಯಕ್ಕೆ ಇದು ಕಾಗದದ ಮೇಲಿನ ಚಿಂತೆಯಲ್ಲ. ಏಳು ವರ್ಷದ ಕಿಟಕಿ ತೀರಾ ಕಿರಿದು; ಆ ನೆಲ ಒಳ್ಳೆಯ ಮಳೆಗೆ ಎಷ್ಟು ಬೆಳೆಯಬಲ್ಲದು ಎಂಬುದನ್ನು ಸಂಶೋಧನಾ ಕೇಂದ್ರಗಳ ದೀರ್ಘಕಾಲದ ದಾಖಲೆಗಳಿಂದ ಸೇರಿಸಿಕೊಂಡರೆ ಈ ಅನ್ಯಾಯ ತಗ್ಗುತ್ತದೆ.

ಎರಡನೆಯ ಅನ್ಯಾಯ ಸರಾಸರಿಯ ಹುಟ್ಟುಗುಣ. ಪಂಚಾಯಿತಿಯ ಇಳುವರಿಯನ್ನು ಒಂದು ಕಾಳೂ ತಪ್ಪದೆ ಅಳೆದರೂ, ಮೇಲ್ಭಾಗ ಚೆನ್ನಾಗಿ ಬೆಳೆದು ಸರಾಸರಿ ಖಾತರಿಯನ್ನು ದಾಟಿದರೆ, ಪೈರು ಒಣಗಿದ ಕೊನೆಭಾಗದವನಿಗೆ ಪರಿಹಾರ ಸೊನ್ನೆ. ಚೌಕಗಳ ಸಂಖ್ಯೆ ಹೆಚ್ಚಿಸಿ ಇದನ್ನು ಸರಿಪಡಿಸಲಾಗದು. ಘಟಕವನ್ನೇ ಕಿರಿದು ಮಾಡಬೇಕು. ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಗೆ ಮಾತ್ರ ರೈತ 72 ಗಂಟೆಯೊಳಗೆ ದೂರು ಕೊಟ್ಟರೆ ಆತನ ಹೊಲವನ್ನೇ ನೋಡಿ ಅಳೆಯುವ ಅವಕಾಶವಿದೆ. ಕಾಲುವೆಗೆ ನೀರು ಬಾರದ್ದಕ್ಕೆ ಅಂಥ ಬಾಗಿಲಿಲ್ಲ.

ಪ್ರದೇಶಾಧಾರಿತ ವಿಮೆಯ ಪರವಾಗಿರುವ ವಾದವೂ ಗಟ್ಟಿಯಾದುದು. ಆಗ ರಾಯಚೂರಿನ ನೆರೆಯ ಜಿಲ್ಲೆಯಾಗಿದ್ದ ಮಹಬೂಬ್‌ನಗರದ ಅವುರೇಪಲ್ಲಿ ಸೇರಿದಂತೆ ಮೂರು ಹಳ್ಳಿಗಳ ಮನೆಮನೆಯ ಲೆಕ್ಕವನ್ನು ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ 1975ರಿಂದ ಕೂಡಿಹಾಕಿತ್ತು. ಅದನ್ನು ವಿಶ್ಲೇಷಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ, ಒಂದು ಮನೆಯ ಆದಾಯ ಕುಸಿದರೂ ಆ ಮನೆಯ ಊಟ ಅಷ್ಟಾಗಿ ಕುಸಿಯುವುದಿಲ್ಲ, ಊರಿನ ಸರಾಸರಿಯೊಂದಿಗೆ ಸಾಗುತ್ತದೆ ಎಂದು ತೋರಿಸಿದರು. ಕೈಗಡ, ಮುಯ್ಯಾಳು, ನೆಂಟರ ನೆರವು ಅಷ್ಟರಮಟ್ಟಿಗೆ ವಿಮೆಯ ಕೆಲಸ ಮಾಡುತ್ತವೆ. ಊರಿಗೆ ಊರೇ ಬೆಂದಾಗ ಕೈಗಡ ಕೊಡುವವರು ಇರುವುದಿಲ್ಲ. ಹೊರಗಿನ ವಿಮೆ ಬೇಕಾಗುವುದು ಆಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ನೀರು ಹರಿದುಹೋದಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ರೈತರ ಎದೆ ಒಂದೇ ಹೊತ್ತಿಗೆ ಒಡೆಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸದೆ ಹೋಗಿದ್ದರೆ ಲಕ್ಷಾಂತರ ಎಕರೆಯ ನಷ್ಟ ಒಟ್ಟಿಗೆ ಬರುತ್ತಿತ್ತು. ನಷ್ಟಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದಾಗ ಮಾತ್ರ ವಿಮಾ ಕಂಪನಿ ಒಬ್ಬರ ಕಂತಿನಿಂದ ಇನ್ನೊಬ್ಬರಿಗೆ ಕೊಡಬಲ್ಲದು. ಎಲ್ಲರ ನಷ್ಟ ಒಂದೇ ಗೇಟಿಗೆ ಕಟ್ಟಿಕೊಂಡಿರುವ ಕಡೆ ಮರುವಿಮೆಯೂ ಸರ್ಕಾರದ ಖಜಾನೆಯೂ ಅನಿವಾರ್ಯ.

ಮಳೆಮಾಪಕ ಮತ್ತು ಉಪಗ್ರಹ

ಕಟಾವನ್ನೇ ಬಿಟ್ಟು ಮಳೆಯನ್ನು ಅಳೆದು ಪರಿಹಾರ ಕೊಡುವ ಚಕ್ರವರ್ತಿಯವರ ದಾರಿ 2003ರಲ್ಲಿ ಮಹಬೂಬ್‌ನಗರದ ಶೇಂಗಾ, ಔಡಲ ಬೆಳೆಗಾರರ ನಡುವೆ ಮತ್ತೆ ತೆರೆದುಕೊಂಡಿತು. ಕರ್ನಾಟಕದಲ್ಲಿ ಈಗ ತೋಟಗಾರಿಕೆ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳೂ ಇವೆ. ಆದರೆ ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿದಂತೆ ಮಳೆ ಬೀಳುವ ಸೀಮೆಯಲ್ಲಿ ಮಾಪಕದ ಮಳೆ ನಾಲ್ಕು ಕಿ.ಮೀ. ಆಚೆಯ ಹೊಲದ ಮಳೆಯಲ್ಲ.

2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ಕನಿಷ್ಠ ಶೇ 30ರಷ್ಟು ತೂಕವನ್ನು ಉಪಗ್ರಹ ಮತ್ತಿತರ ತಂತ್ರಜ್ಞಾನದ ಅಂದಾಜಿಗೆ ಕೊಡುವ ಕ್ರಮ ಬಂದಿದೆ. ಇದರ ಹಿಂದಿರುವ ದೆಹಲಿಯ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರಕ್ಕೆ ಮಹಲನೋಬಿಸರದೇ ಹೆಸರು. ಸೆಂಟಿನೆಲ್-2 ಉಪಗ್ರಹದ ಒಂದು ಚುಕ್ಕೆ ಹತ್ತು ಮೀಟರ್ ಚೌಕ, ಅಂದರೆ ನಾಲ್ಕು ಕಟಾವು ಚೌಕಗಳಷ್ಟು ನೆಲ. ಮೇಲ್ಭಾಗ ಎಲ್ಲಿ ಮುಗಿದು ಕೊನೆಭಾಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಕಟಾವಿನ ಚೌಕಗಳನ್ನು ಎಲ್ಲೆಲ್ಲಿ ಹರಡಬೇಕು, ಯಾವ ಹೊಲಗಳನ್ನು ಒಂದು ಸ್ತರವಾಗಿಸಬೇಕು ಎಂದು ನಿರ್ಧರಿಸಲು ಅದರಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. ಆದರೆ ಅದಕ್ಕೆ ಕಾಣುವುದು ಎಲೆಯ ಹಸಿರು. ಹೂಬಿಡುವ ಬೆಳಿಗ್ಗೆ ಬಿಸಿಲು ತಟ್ಟಿ ಜೊಳ್ಳಾದ ತೆನೆಯೂ, ಗೊಡ್ಡು ರೋಗದಿಂದ ಹಸಿರಾಗಿ ನಿಂತ ತೊಗರಿಯೂ ಅದರ ಕಣ್ಣಿಗೆ ಒಳ್ಳೆಯ ಬೆಳೆಯೇ. ಇವನ್ನು ಒಳ್ಳೆಯ ಬೆಳೆಯಿಂದ ಬೇರ್ಪಡಿಸಿ ಹೇಳಲು ಕೊಯ್ದು, ಬಡಿದು, ತೂರಲೇಬೇಕು.

ತೂಗಿದ ಮೇಲೆ ಅಂಕಿಗಳನ್ನು ಮೊಬೈಲ್ ಆ್ಯಪ್‌ನಲ್ಲಿ ಚಿತ್ರ ಮತ್ತು ಸ್ಥಳದ ಗುರುತಿನೊಂದಿಗೆ ದಾಖಲಿಸುತ್ತಾರೆ. ವಿಮಾ ಕಂಪನಿಯ ಪ್ರತಿನಿಧಿ ಜತೆಯಲ್ಲಿರಬಹುದು, ಊರವರೂ ನಿಂತು ನೋಡಬಹುದು. ಒಣಗಿಸಿ ನೋಡಲು ತೆಗೆದ ಮಾದರಿಯಷ್ಟನ್ನು ಬಿಟ್ಟು ಚೌಕದ ಉಳಿದ ಕಾಳನ್ನೆಲ್ಲ ಹೊಲದ ರೈತನಿಗೇ ಹಿಂದಿರುಗಿಸಲಾಗುತ್ತದೆ.